ತಂತಿ ನೆಲದೊಳಗೆ ಹೋಗಲಿ, ದುಡ್ಡು ಯಾರದು?

ನವಿ ಮುಂಬಯಿಯ ಸಾನಪಾಡಾದ ಸೆಕ್ಟರುಗಳಿಗೆ, ಅಂದರೆ ಹೊಸ ಬಡಾವಣೆಗಳಿಗೆ, ಕರೆಂಟು ನೆಲದಡಿಯ ಕೇಬಲಿನಲ್ಲಿ ಬರುತ್ತದೆ. ಹಳೆಯ ಊರಿನ ಗಲ್ಲಿಗಳಿಗೆ ಇವತ್ತಿಗೂ ಕಂಬದ ಮೇಲಿನ ತಂತಿಯೇ ಗತಿ. ಈ ತಂತಿಗಳನ್ನು ನೆಲದಡಿಗೆ ಇಳಿಸಲು ನವಿ ಮುಂಬಯಿ ಮಹಾನಗರಪಾಲಿಕೆ ತನ್ನ ಬಜೆಟ್ಟಿನಿಂದ ಹಣ ಕೊಡಬೇಕೇ? ಸಾನಪಾಡಾದವರೇ ಆದ ಇಬ್ಬರ ವಾದ ಇಲ್ಲಿದೆ.

ಪರ: ರಸ್ತೆ ಯಾರದೋ, ಅಗೆಯುವ ಜವಾಬ್ದಾರಿಯೂ ಅವರದೇ
(ಲೇಖಕರು ನಿವೃತ್ತ ವಿದ್ಯುತ್ ಇಂಜಿನಿಯರ್)

ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲನೆಯದು ಜೀವದ ಪ್ರಶ್ನೆ. ಕಟ್ಟಡಕ್ಕೂ ಲೋ ಟೆನ್ಷನ್ ತಂತಿಗೂ ನಡುವೆ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಹೇಳುತ್ತದೆ. ಊರಭಾಗದಲ್ಲಿ ಮನೆಗಳು ಮಹಡಿಯ ಮೇಲೆ ಮಹಡಿ ಬೆಳೆದಿವೆ, ಕಂಬಗಳು ಇದ್ದಲ್ಲೇ ಇವೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹೆಂಗಸು ಕೈಚಾಚಿದರೆ ತಂತಿ ಸಿಗುವ ಜಾಗಗಳಿವೆ. ಸ್ಲ್ಯಾಬ್ ಹಾಕುವವರು ಕಬ್ಬಿಣದ ಸರಳನ್ನು ಕೆಳಗಿನಿಂದ ಮೇಲಕ್ಕೆ ನಿಲುವಾಗಿ ಎತ್ತಿಕೊಡುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಬೆಂಗಳೂರಿನ ಹೋಪ್ ಫಾರ್ಮ್ ಜಂಕ್ಷನ್ನಿನಲ್ಲಿ 2023ರ ನವೆಂಬರ್ 19ರ ನಸುಕಿನಲ್ಲಿ ಕಡಿದುಬಿದ್ದ ತಂತಿ ತುಳಿದು ತಾಯಿಯೂ ಒಂಬತ್ತು ತಿಂಗಳ ಮಗುವೂ ಸತ್ತರು. ಕೇಬಲ್ ನೆಲದಡಿ ಇದ್ದಿದ್ದರೆ ಅವರು ಬದುಕಿರುತ್ತಿದ್ದರು.

ಎರಡನೆಯದು ಗಾಳಿಮಳೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ, ಮರುವರ್ಷ ಮೇ 17ರಂದು ತೌಕ್ತೇ. ಎರಡರಲ್ಲೂ ಮರದ ಕೊಂಬೆ ಬಿದ್ದು ತಂತಿ ಹರಿದವು. ಕೊಂಕಣ ಕರಾವಳಿಯಲ್ಲಿ ಇಂಥವು ಇನ್ನು ಕಡಿಮೆಯಾಗುವ ಲಕ್ಷಣ ಕಾಣುವುದಿಲ್ಲ.

ಮೂರನೆಯದು ನ್ಯಾಯ. ಸೆಕ್ಟರುಗಳು ಎದ್ದಿರುವುದು ಇದೇ ಊರಿನವರ ಹೊಲ, ಉಪ್ಪಿನಗದ್ದೆಗಳ ಮೇಲೆ. ಅವರ ಹೊಲದಲ್ಲಿ ಬಂದು ನೆಲೆಸಿದ ನಮಗೆ ನೆಲದಡಿಯ ಕೇಬಲ್, ಹೊಲ ಕೊಟ್ಟವರಿಗೆ ನೇತಾಡುವ ತಂತಿ. ಇದನ್ನು ವಿವರಿಸಬೇಕಾಗಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ನಾಲ್ಕನೆಯದನ್ನು. ಕೇಬಲ್ ಹಾಕುವ ಕೆಲಸದಲ್ಲಿ ಕೇಬಲಿಗಿಂತ ರಸ್ತೆಯ ತಾಪತ್ರಯವೇ ದೊಡ್ಡದು. ಈ ವರ್ಷ ಪಾಲಿಕೆ ಗಟಾರಕ್ಕೆಂದು ಗಲ್ಲಿ ಅಗೆಯುತ್ತದೆ. ಮುಂದಿನ ವರ್ಷ ಗ್ಯಾಸ್ ಪೈಪಿನವರು, ಅದರ ಮುಂದಿನ ವರ್ಷ ಫೈಬರಿನವರು. ಪ್ರತಿ ಸಲ ರಸ್ತೆ ಕಡಿತದ ಶುಲ್ಕ ಕಟ್ಟುತ್ತಾರೆ, ತೇಪೆ ಹಾಕುತ್ತಾರೆ, ಜುಲೈಯಲ್ಲಿ ತೇಪೆ ಕುಸಿಯುತ್ತದೆ. ಪಾಲಿಕೆಯೇ ಹಣ ಹಾಕಿದರೆ ಒಂದೇ ಸಲ ಅಗೆದು ಗಟಾರ, ನೀರಿನ ಪೈಪು, ಕರೆಂಟಿನ ಡಕ್ಟು, ಫೈಬರಿಗೆ ಖಾಲಿ ಡಕ್ಟು ಎಲ್ಲವನ್ನೂ ಹೂತು ಮೇಲೆ ಕಾಂಕ್ರೀಟು ಹಾಕಬಹುದು. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹಾಗೆಯೇ ಮಾಡಿದರು; 2018ರಲ್ಲಿ ಚರ್ಚ್ ಸ್ಟ್ರೀಟನ್ನೂ ಮಾಡಿ ಮುಗಿಸಿದರು. ಅಲ್ಲಿ ಫುಟ್‌ಪಾತಿನ ಕೆಳಗೆ ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಡಕ್ಟು ಹೋಗುತ್ತದೆ. ಹೊಸ ಕೇಬಲ್ ಬೇಕಾದರೆ ಎಳೆದುಕೊಂಡರಾಯಿತು, ಗುದ್ದಲಿ ಮುಟ್ಟಬೇಕಾಗಿಲ್ಲ. ವಿದ್ಯುತ್ ಕಂಪನಿ ತನ್ನಷ್ಟಕ್ಕೆ ತಾನೇ ಇದನ್ನು ಮಾಡಲಾರದು, ಏಕೆಂದರೆ ರಸ್ತೆ ಅದರದಲ್ಲ. ಖಾಲಿ ಡಕ್ಟಿನ ಬಾಡಿಗೆ ಪಾಲಿಕೆಗೇ ಬರುತ್ತದೆ.

ನಗರವೊಂದು ತಂತಿಗೆ ದುಡ್ಡು ಹಾಕುವುದು ಹೊಸ ಮಾತೇನೂ ಅಲ್ಲ. 1947ರ ಆಗಸ್ಟ್ 7ರಂದು ಮುಂಬಯಿ ಪಾಲಿಕೆ ನಗರಕ್ಕೆ ಕರೆಂಟು, ಬಸ್ಸು ಒದಗಿಸುವ ಬೆಸ್ಟನ್ನು ವಹಿಸಿಕೊಂಡಿತು. ಕೊಲಾಬಾದಿಂದ ಮಾಹಿಮಿನವರೆಗೆ ಕಂಬದ ಮೇಲೆ ಕರೆಂಟಿನ ತಂತಿ ಕಾಣದಿರುವುದು ಆ ಸಂಸ್ಥೆಯಿಂದ.

ಆಕ್ಷೇಪಗಳು ನನಗೆ ಗೊತ್ತಿಲ್ಲದೆ ಇಲ್ಲ. ಖರ್ಚು ಹಲವು ಪಟ್ಟು ಹೆಚ್ಚು, ನಿಜ. ಆದರೆ ಕುಡಿಯುವ ನೀರಿಗೆ ಸ್ವಂತ ಅಣೆಕಟ್ಟನ್ನೇ ಇಟ್ಟುಕೊಂಡಿರುವ ಪಾಲಿಕೆಗೆ ಅದು ಭಾರವಾಗದು. ಇನ್ನೊಂದನ್ನು ಮಾತ್ರ ವೃತ್ತಿಯಲ್ಲಿದ್ದವನಾಗಿ ಒಪ್ಪಲೇಬೇಕು. ತಂತಿ ಕಡಿದರೆ ವಾಯರ್‌ಮನ್ ಕಣ್ಣಿಗೆ ಕಾಣುತ್ತದೆ. ನೆಲದೊಳಗೆ ಜಾಯಿಂಟಿಗೆ ನೀರು ಹೊಕ್ಕರೆ ಪರೀಕ್ಷಾ ವ್ಯಾನ್ ತರಿಸಿ ಜಾಗ ಹುಡುಕಬೇಕು, ಅಗೆಯಬೇಕು, ಒಣಗಿಸಬೇಕು, ಮತ್ತೆ ಜಾಯಿಂಟು ಹಾಕಬೇಕು; ಅರ್ಧ ದಿನ ಹೋಗುತ್ತದೆ. ಕೇಬಲ್ ಪಾಲಿಕೆಯ ದುಡ್ಡಿನದಾಗಿದ್ದು ಹಸ್ತಾಂತರದ ಕಾಗದ ಪಕ್ಕಾ ಆಗಿರದಿದ್ದರೆ, "ಇದು ನಮ್ಮ ಆಸ್ತಿಯಲ್ಲ" ಎಂದು ಕಂಪನಿಯವರು ಕೈತೊಳೆದುಕೊಂಡರೂ ಆಶ್ಚರ್ಯವಿಲ್ಲ. ಆದ್ದರಿಂದ ಕಾಗದ ಮೊದಲು ಆಗಲಿ. ಹಣ ಪಾಲಿಕೆಯದೇ ಆಗಲಿ.

ವಿರೋಧ: ಒಂದೇ ತಂತಿಗೆ ಎರಡೆರಡು ಸಲ ಹಣ ಏಕೆ?
(ಲೇಖಕಿ ಲೆಕ್ಕಪರಿಶೋಧಕಿ, ಹೌಸಿಂಗ್ ಸೊಸೈಟಿಯೊಂದರ ಮಾಜಿ ಖಜಾಂಚಿ)

ನಮಗೆ ಕರೆಂಟು ಹಂಚುವ ಸರ್ಕಾರಿ ಕಂಪನಿ ಮಹಾವಿತರಣದ ಲೈಟ್ ಬಿಲ್ಲನ್ನು ದಯವಿಟ್ಟು ಒಮ್ಮೆ ಪೂರ್ತಿ ಓದಿ. ಕೊನೆಯ ಮೊತ್ತ ನೋಡಿ ಮೊಬೈಲಿನಲ್ಲಿ ಕಟ್ಟಿ ಮರೆತುಬಿಡಬೇಡಿ. ಮೇಲಿನಿಂದ ಕೆಳಕ್ಕೆ, ಸಾಲು ಸಾಲಾಗಿ ಓದಿ. ಸ್ಥಿರ ಆಕಾರ (ಮರಾಠಿಯಲ್ಲಿ ಆಕಾರ ಎಂದರೆ ಶುಲ್ಕ) ಅಂತ ಒಂದು ಸಾಲು. ವೀಜ ಆಕಾರ, ಅಂದರೆ ಕರೆಂಟಿನ ಬೆಲೆ, ಅಂತ ಇನ್ನೊಂದು. ಅದರ ಪಕ್ಕದಲ್ಲೇ ವಹನ ಆಕಾರ. ಕೆಳಗೆ ಮನೆಬಳಕೆಯವರ ಮೇಲೆ ಶೇ 16ರ ವಿದ್ಯುತ್ ಶುಲ್ಕ. ನಾನು ಬೆರಳಿಡುವುದು ಆ ವಹನ ಆಕಾರದ ಮೇಲೆ. ನೀವು ಉರಿಸುವ ಪ್ರತಿ ಯೂನಿಟ್ಟಿಗೂ ಅದು ಬೀಳುತ್ತದೆ. ಅದು ಏನು? ಕರೆಂಟನ್ನು ನಮ್ಮ ಮೀಟರಿನ ತನಕ ತಂದು ಮುಟ್ಟಿಸುವ ಕಂಬ, ತಂತಿ, ಕೇಬಲ್, ಟ್ರಾನ್ಸ್‌ಫಾರ್ಮರುಗಳ ಬಾಬ್ತು. ಹೊಸ ಕೇಬಲಿನ ಸವಕಳಿ, ಅದಕ್ಕೆ ಮಾಡಿದ ಸಾಲದ ಬಡ್ಡಿ, ರಿಪೇರಿ, ಸಿಬ್ಬಂದಿಯ ಸಂಬಳ, ಕಂಪನಿಯ ಬಂಡವಾಳದ ಮೇಲಿನ ಪ್ರತಿಫಲ ಎಲ್ಲವನ್ನೂ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ಕೂಡಿಸಿ, ಕಳೆದು, ನಮ್ಮ ತಲೆಯ ಮೇಲೆ ಹಂಚಿದೆ. ಊರಿನ ಗಲ್ಲಿಯ ಬಡ ಬಾಡಿಗೆದಾರನೂ ಸೆಕ್ಟರಿನ ಟವರಿನವನೂ ಆ ಸಾಲಿಗೆ ಒಂದೇ ದರದಲ್ಲಿ ದುಡ್ಡು ಕಟ್ಟುತ್ತಿದ್ದಾರೆ. ತಂತಿಯನ್ನು ಸುಸ್ಥಿತಿಯಲ್ಲಿಡುವ ಹಣ ತಿಂಗಳು ತಿಂಗಳು ಹೋಗುತ್ತಲೇ ಇದೆ. ಈಗ ಅದೇ ತಂತಿಗೆ ಪಾಲಿಕೆ ದುಡ್ಡು ಕೊಡಬೇಕಂತೆ. ಪಾಲಿಕೆಯ ದುಡ್ಡು ಎಂದರೆ ಯಾರದು? ನಮ್ಮದೇ ಮನೆತೆರಿಗೆ.

ಲೆಕ್ಕ ಬಲ್ಲವರು ತಕ್ಷಣ ಅಡ್ಡ ಬರುತ್ತಾರೆ: ಬೇರೆಯವರು ಕೊಟ್ಟ ಅನುದಾನದಿಂದ ಆದ ಆಸ್ತಿಯ ಮೇಲೆ ಕಂಪನಿ ಸವಕಳಿ, ಪ್ರತಿಫಲ ಎಣಿಸುವಂತಿಲ್ಲ, ಆಯೋಗದ ನಿಯಮವೇ ಹಾಗಿದೆ ಎಂದು. ಹೌದು, ಹಾಗೇ ಇದೆ. ಆದರೆ ಆ ಉಳಿತಾಯ ಯಾರಿಗೆ ಸಿಗುತ್ತದೆ? ಮಹಾವಿತರಣದ ದರಪಟ್ಟಿ ರಾಜ್ಯಕ್ಕೆಲ್ಲ ಒಂದೇ. ನವಿ ಮುಂಬಯಿಯವರು ತೆರಿಗೆ ಕಟ್ಟಿ ಹೂತ ಕೇಬಲಿನ ಲಾಭ ಗಡಚಿರೋಲಿಯಿಂದ ಸಿಂಧುದುರ್ಗದ ತನಕ ಚೂರು ಚೂರಾಗಿ ಹಂಚಿಹೋಗುತ್ತದೆ. ಸಾನಪಾಡಾದವರ ಬಿಲ್ಲಿನಲ್ಲಿ ಇಳಿಕೆ ಕಣ್ಣಿಗೆ ಕಾಣುವುದಿಲ್ಲ. ಅವರು ವಹನ ಆಕಾರವನ್ನು ಮೊದಲಿನ ಹಾಗೇ ಕಟ್ಟುತ್ತಿರಬೇಕು. ಇದಕ್ಕೆ ನಾನು ಹೇಗೆ ಸಹಿ ಹಾಕಲಿ?

ಕಾನೂನೂ ಸ್ಪಷ್ಟವಾಗಿದೆ. 2003ರ ವಿದ್ಯುತ್ ಕಾಯ್ದೆಯ 42ನೇ ಕಲಮು ವಿತರಣಾ ಜಾಲವನ್ನು ಬೆಳೆಸಿ ಸುಸ್ಥಿತಿಯಲ್ಲಿಡುವುದು ಲೈಸೆನ್ಸುದಾರನ ಕರ್ತವ್ಯ ಎನ್ನುತ್ತದೆ. ರಸ್ತೆ ಅಗೆಯುವ ಅಧಿಕಾರವನ್ನು 67ನೇ ಕಲಮು ಅವನಿಗೆ ಕೊಟ್ಟಿದೆ. ರಸ್ತೆ ಪಾಲಿಕೆಯದು, ಆದ್ದರಿಂದ ಕೇಬಲೂ ಪಾಲಿಕೆಯದು ಎಂಬ ವಾದ ಈ ಎರಡು ಕಲಮು ಓದಿದವರ ಮುಂದೆ ನಿಲ್ಲುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ವಿತರಣಾ ಕಂಪನಿಗಳ ಸುಧಾರಣೆಗೆಂದೇ 3,03,758 ಕೋಟಿ ರೂಪಾಯಿಯ ಯೋಜನೆ ತಂದಿತು. ಆ ಬಾಗಿಲು ಬಡಿಯುವುದನ್ನು ಬಿಟ್ಟು ಪಾಲಿಕೆಯ ಬಾಗಿಲಿಗೇಕೆ ಬರಬೇಕು?

ಪರವಾದಿಗಳು ತಂತಿಯನ್ನು ನೆಲದಡಿಗೆ ಇಳಿಸಿದ ಊರುಗಳ ಪಟ್ಟಿ ಹಿಡಿದು ಬರುತ್ತಾರೆ. ಆ ಪಟ್ಟಿಯ ಎದುರು ಹಣ ಯಾರದೆಂದು ಬರೆಯೋಣ. ಅಲಿಬಾಗ್: ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆ, ಹಿಂದೆ ವಿಶ್ವಬ್ಯಾಂಕ್. ವಿಶಾಖಪಟ್ಟಣ: 2014ರ ಹುದ್‌ಹುದ್ ಚಂಡಮಾರುತದ ನಂತರ ಮತ್ತೆ ವಿಶ್ವಬ್ಯಾಂಕ್ ಸಾಲ. ಹಳೆಯ ಕಾಶಿ: ಕೇಂದ್ರದ ವಿದ್ಯುತ್ ಯೋಜನೆ. ಬೆಂಗಳೂರಿನ ಸಾವಿರಾರು ಕಿಲೋಮೀಟರ್ 11 ಕೆವಿ ಮಾರ್ಗ: ಅಲ್ಲಿನ ವಿದ್ಯುತ್ ಕಂಪನಿ ಬೆಸ್ಕಾಂ. ಇಲ್ಲೆಲ್ಲೂ ಮನೆತೆರಿಗೆಯವರು ಕೇಬಲ್ ಕೊಂಡುಕೊಟ್ಟಿಲ್ಲ. ಬೆಸ್ಟಿನ ಮಾತು ಬೇರೆ: ಅಲ್ಲಿ ತಂತಿಯೂ ನಗರದ್ದೇ, ಬಿಲ್ಲಿನ ವಸೂಲಿಯೂ ನಗರದ್ದೇ. ಇಲ್ಲಿ ಪಾಲಿಕೆಗೆ ಬರುವ ಬಿಲ್ಲು ಕಟ್ಟುವ ಬಿಲ್ಲು ಮಾತ್ರ.

ಇನ್ನೊಂದು ಅಪಾಯದ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. 2022ರಲ್ಲಿ ಅದಾನಿ ಕಂಪನಿಯೊಂದು ಮುಲುಂಡ್, ಭಾಂಡೂಪ್, ನವಿ ಮುಂಬಯಿ ಭಾಗಕ್ಕೆ ಸಮಾನಾಂತರ ವಿತರಣಾ ಲೈಸೆನ್ಸ್ ಕೇಳಿ ಆಯೋಗಕ್ಕೆ ಅರ್ಜಿ ಹಾಕಿತು. ಅದನ್ನು ವಿರೋಧಿಸಿ 2023ರ ಜನವರಿ 4ರಂದು ರಾಜ್ಯದ ವಿದ್ಯುತ್ ನೌಕರರು ಮುಷ್ಕರಕ್ಕೆ ಇಳಿದದ್ದು ಎಲ್ಲರಿಗೂ ನೆನಪಿದೆ. ಎರಡನೇ ಕಂಪನಿ ಇಂದಲ್ಲ ನಾಳೆ ಬಂದರೆ ಅದೇ ಗಲ್ಲಿಯಲ್ಲಿ ಅದರ ಕೇಬಲಿಗೆ ಮತ್ತೆ ಅಗೆತ. ನಾವು ದುಡ್ಡು ಕೊಟ್ಟು ಹೂಳಿದ ಕೇಬಲ್ ಆಗ ಯಾರ ವ್ಯಾಪಾರದ ಮೂಲಧನ? ಸಾರ್ವಜನಿಕ ಹಣದಲ್ಲಿ ಒಂದು ಕಂಪನಿಗೆ ಮೇಲುಗೈ ಮಾಡಿಕೊಟ್ಟೆವೆಂದು ಇನ್ನೊಂದು ಕಂಪನಿ ಕೋರ್ಟಿಗೆ ಹೋದರೆ ಉತ್ತರ ಕೊಡಬೇಕಾದವರು ಯಾರು?

ಕರೆಂಟು ಹೋಗುವುದು ನಿಲ್ಲುತ್ತದೆ ಎಂಬ ಆಸೆಯನ್ನೂ ಹೆಚ್ಚಿಗೆ ಬೆಳೆಸಬೇಡಿ. 2020ರ ಅಕ್ಟೋಬರ್ 12ರಂದು ಗ್ರಿಡ್ಡು ಕೆಟ್ಟು ಮುಂಬಯಿ, ಠಾಣೆ, ನವಿ ಮುಂಬಯಿಗಳ ಕರೆಂಟು ಹೋದಾಗ, ಕೇಬಲೆಲ್ಲ ನೆಲದಡಿ ಇರುವ ದಕ್ಷಿಣ ಮುಂಬಯಿಗೂ ಅದೇ ಪಾಡು. ಸಾನಪಾಡಾ ಇರುವುದೇ ಖಾಡಿಯ ಪಕ್ಕದ ತಗ್ಗಿನಲ್ಲಿ. ಸಮುದ್ರದ ದೊಡ್ಡ ಭರತದ ಹೊತ್ತಿಗೆ ಜೋರು ಮಳೆ ಬಂದರೆ ಗಟಾರದ ನೀರು ಹೊರಗೆ ಹೋಗುವ ಬದಲು ನಿಂತುಬಿಡುತ್ತದೆ. ಆಗ ಕೇಬಲಿನಿಂದ ಮನೆಗಳಿಗೆ ಕರೆಂಟು ಹಂಚುವ ಫೀಡರ್ ಪಿಲ್ಲರಿನ ತಗಡಿನ ಡಬ್ಬಿ ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತದೆ; ಅನೇಕ ಕಡೆ ಅದರ ಬಾಗಿಲೇ ಇಲ್ಲ, ಇದ್ದರೂ ತುಂಡು ತಂತಿಯಲ್ಲಿ ಕಟ್ಟಿರುತ್ತಾರೆ. ನೆಲದಡಿಯ ಜಾಲಕ್ಕೆ ಇಂಥ ಡಬ್ಬಿಗಳು ಇನ್ನಷ್ಟು ಬೇಕು. ಊರಿನ ಗಲ್ಲಿಯಲ್ಲಿ ಒಂದು ಬೈಕು ತಿರುಗಿಸಲು ಜಾಗ ಸಾಲದು, ಡಬ್ಬಿಯನ್ನು ಯಾರ ಜಗಲಿಯ ಮೇಲೆ ಕೂರಿಸುತ್ತಾರೆ? ಟೆಂಡರ್‌ಶ್ಯೂರ್ ನಡೆದದ್ದು ಅಗಲ ರಸ್ತೆಗಳಲ್ಲಿ. ಬರಿತಂತಿ ತೆಗೆದು ಹೊದಿಕೆಯಿರುವ ಹೆಣೆದ ಕೇಬಲನ್ನು ಅದೇ ಕಂಬಗಳ ಮೇಲೆ ಎಳೆದರೆ ಮುಟ್ಟಿದವರಿಗೆ ಶಾಕ್ ಹೊಡೆಯುವ ಭಯ ಬಹುಪಾಲು ಹೋಗುತ್ತದೆ. ಖರ್ಚೂ ಬಹಳ ಕಡಿಮೆ. ಅದನ್ನು ಮಹಾವಿತರಣ ನಾಳೆಯೇ ಮಾಡಬಹುದು, ಮಾಡಬೇಕು.

ಪಾಲಿಕೆ ತನ್ನ ಕೈಯಲ್ಲಿರುವುದನ್ನು ಮೊದಲು ಮಾಡಲಿ. ಬೀದಿದೀಪದ ಕಂಬಗಳು ಪಾಲಿಕೆಯವು. ಟಿವಿ ಕೇಬಲಿನವರೂ ಇಂಟರ್‌ನೆಟ್ಟಿನವರೂ ಅವುಗಳಿಗೆ ಕಪ್ಪು ತಂತಿಯ ಸಿಂಬೆ ಸಿಂಬೆ ಸುತ್ತಿ ನೇತುಹಾಕಿದ್ದಾರೆ. ಅವನ್ನು ತೆಗೆಸಲು ಪಾಲಿಕೆಗೆ ಪೈಸೆ ಖರ್ಚಿಲ್ಲ, ಬದಲಿಗೆ ದಂಡ ಬರುತ್ತದೆ. ಮಳೆನೀರು ಹಿಡಿದಿಡುವ ಹೋಲ್ಡಿಂಗ್ ಪಾಂಡಿನ ಹೂಳು ತೆಗೆಯುವುದು, ಗಟಾರ, ಪಂಪು, ಇವನ್ನು ಬೇರೆ ಯಾರೂ ಮಾಡಿಕೊಡುವುದಿಲ್ಲ. ತೆರಿಗೆಯ ಹಣ ಇರುವುದು ಇದಕ್ಕೆ.

ಊರಿನವರಿಗೆ ಅನ್ಯಾಯವಾಗಿದೆ ಎಂಬ ಮಾತಿಗೆ ನನ್ನ ತಕರಾರಿಲ್ಲ, ಅದರಲ್ಲಿ ಅಕ್ಷರ ಅಕ್ಷರವೂ ನಿಜ. 1970ರಲ್ಲಿ ನಗರ ಕಟ್ಟುವ ಸರ್ಕಾರಿ ಕಂಪನಿ ಸಿಡ್ಕೊ ಹುಟ್ಟಿತು. ನವಿ ಮುಂಬಯಿಗಾಗಿ 95 ಹಳ್ಳಿಗಳ ನೆಲಕ್ಕೆ ಕೈಹಾಕಲಾಯಿತು. ಸರಿಯಾದ ಬೆಲೆಗಾಗಿ ಹೋರಾಡಿದ ಆಗ್ರಿ, ಕೋಳಿ ಸಮುದಾಯಗಳ ಜನರ ಮೇಲೆ 1984ರ ಜನವರಿಯಲ್ಲಿ ಉರಣದ ಕಡೆ ಗುಂಡು ಹಾರಿ ಐವರು ಸತ್ತರು. ಆಮೇಲೆ ಕಳೆದುಕೊಂಡ ನೆಲದ ಶೇ 12.5ರಷ್ಟನ್ನು ನಿವೇಶನವಾಗಿ ಮರಳಿಸುವ ಯೋಜನೆ ಬಂತು. ಊರಿನವರಿಂದ ಪಡೆದ ನೆಲವನ್ನು ಸೆಕ್ಟರು ಮಾಡಿ, ಕೇಬಲ್ ಹೂತು, ಟೆಂಡರಿನಲ್ಲಿ ಮಾರಿ ಹಣ ಮಾಡಿಕೊಂಡದ್ದು ಸಿಡ್ಕೊ. ಊರನ್ನು ಕೇಬಲಿನ ನಕ್ಷೆಯ ಹೊರಗಿಟ್ಟದ್ದೂ ಸಿಡ್ಕೊವೇ. ಹಾಗಿದ್ದರೆ ಕಾಮಗಾರಿಯ ಬಿಲ್ಲನ್ನು ಸಿಡ್ಕೊ ಭವನಕ್ಕೆ ಕಳಿಸಿ. ಪಾಲಿಕೆ ದುಡ್ಡು ಕೊಟ್ಟರೆ ಅದರಲ್ಲಿ ಊರಿನವನ ತೆರಿಗೆಯೂ ಸೇರುತ್ತದೆ. ತನಗಾದ ಅನ್ಯಾಯವನ್ನು ತಾನೇ ದುಡ್ಡು ಕೊಟ್ಟು ಸರಿಪಡಿಸಿಕೊಂಡ ಹಾಗಾಗುತ್ತದೆ.

ಆದರೂ ಜೂನಿನ ಮಳೆ ಯಾರಿಗೂ ಕಾಯುವುದಿಲ್ಲ. ಶಾಲೆಯ ಗೇಟು, ಅಂಗನವಾಡಿ, ದೇವಸ್ಥಾನದ ಅಂಗಳ, ಇಂಥ ಕಡೆ ತಲೆಯ ಮೇಲೆ ಬರಿತಂತಿ ಹಾದುಹೋಗಿದ್ದರೆ ಸಿಡ್ಕೊ, ಮಹಾವಿತರಣಗಳ ಪತ್ರವ್ಯವಹಾರ ಮುಗಿಯುವ ತನಕ ಮಕ್ಕಳನ್ನು ಅದರಡಿ ನಿಲ್ಲಿಸಿರಿ ಎಂದು ನಾನು ಹೇಳಲಾರೆ. ಅಷ್ಟು ಜಾಗಕ್ಕೆ ಪಾಲಿಕೆ ಈ ಬೇಸಿಗೆಯಲ್ಲೇ ಹಣ ಹಾಕಲಿ. ಆದರೆ ಅದು ದಾನ ಆಗಬಾರದು, ಮುಂಗಡ ಆಗಬೇಕು. ಬೀದಿದೀಪಕ್ಕೆ, ನೀರಿನ ಪಂಪಿಗೆ ಮಹಾವಿತರಣ ಪಾಲಿಕೆಗೆ ಪ್ರತಿ ತಿಂಗಳು ಬಿಲ್ಲು ಕಳಿಸುತ್ತದೆ. ಕೊಟ್ಟ ಮುಂಗಡವನ್ನು ಆ ಬಿಲ್ಲುಗಳಲ್ಲಿ ಕಂತು ಕಂತಾಗಿ ವಜಾ ಮಾಡಿಕೊಳ್ಳುತ್ತೇವೆಂದು ಮೊದಲೇ ಕರಾರು ಬರೆಸಿಕೊಳ್ಳಲಿ. ಕರಾರಿಗೆ ಮಹಾವಿತರಣದ ಸಹಿ ಬೀಳುವ ತನಕ ಗುತ್ತಿಗೆದಾರನಿಗೆ ಕೆಲಸದ ಆದೇಶ ಹೋಗಬಾರದು.