ನಾಲ್ಕು ಎಂಟುಗಳ ಮಂತ್ರ

ಮೇಲ್ ಸರ್ವರ್ ಕೂರಿಸೋವಾಗ ‘ಡಿಎನ್‌ಎಸ್ ಎರರ್’ ಅಂತ ಬಂದ್ರೆ ನಮ್ಮ ಐಟಿ ಮಂದಿ ಏನು ಮಾಡ್ತಾರೆ, ಗೊತ್ತಲ್ಲ? ನೇಮ್‌ಸರ್ವರ್ ಜಾಗದಲ್ಲಿ 8.8.8.8 ಬರೀತಾರೆ. ರೀಬೂಟ್ ಆದ್ಮೇಲೆ ಅದು ಅಳಿಸಿಹೋದ್ರೆ ಆ ಫೈಲಿಗೇ ಬೀಗ ಜಡೀತಾರೆ. ಆಗಲೂ ಬಗ್ಗದಿದ್ರೆ ಫೈರ್‌ವಾಲ್ ಆಫ್! ಯಾವ ಜ್ವರವಾದ್ರೂ ಡೋಲೋ ನುಂಗಿ ಆಫೀಸಿಗೆ ಬರೋ ಜನ ಅಲ್ವೇ ನಾವು.

ಅಲ್ರೀ, ಆ ಎರರ್ ಏನು ಹೇಳ್ತಿದೆ ಅಂತ ಒಂದು ಸಲ ಓದಬಾರದೇ? ‘ಕನೆಕ್ಷನ್ ರೆಫ್ಯೂಸ್ಡ್’ ಅಂದ್ರೆ ಯಂತ್ರ ಸಿಕ್ಕಿದೆ, 53ನೇ ಪೋರ್ಟಿನಲ್ಲಿ ಕೇಳಿಸಿಕೊಳ್ಳೋರು ಇಲ್ಲ. ‘ಟೈಮ್ಡ್ ಔಟ್’ ಅಂದ್ರೆ ಉತ್ತರವೇ ವಾಪಸ್ ಬಂದಿಲ್ಲ, ದಾರಿಯನ್ನೋ ಫೈರ್‌ವಾಲನ್ನೋ ನೋಡಬೇಕು. ‘ಎನ್‌ಎಕ್ಸ್‌ಡೊಮೈನ್’ ಅಂದ್ರೆ ಉತ್ತರ ಬಂದಿದೆ, ನೀವು ಕೇಳಿದ ಹೆಸರೇ ಅಲ್ಲಿಲ್ಲ. ಮೂರು ಬೇರೆ ಬೇರೆ ಕಾಯಿಲೆ. ‘ಡಿಗ್’ ಕಮ್ಯಾಂಡ್ ಹೊಡೆದ್ರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಕತೆ ಕೇಳಿ. ಆಯುಧಪೂಜೆಯ ಮುನ್ನಾದಿನ. ಸರ್ವರ್ ಇದ್ದದ್ದು ರೂಟರಿನ ಹಿಂದೆ, 192.168 ಅಂತ ಶುರುವಾಗೋ ಒಳಗಿನ ವಿಳಾಸದಲ್ಲಿ. ಎಂಎಕ್ಸ್ ದಾಖಲೆ ತೋರಿಸ್ತಿರೋದು ಈ ಯಂತ್ರವನ್ನಲ್ಲ ಅಂತ ಇನ್‌ಸ್ಟಾಲರ್ ನೇರವಾಗೇ ಹೇಳಿತ್ತು. 8.8.8.8 ಕೊಡೋದು ಹೊರಗಿನವರಿಗೆ ಕಾಣೋ ವಿಳಾಸ. ಒಳಗಿನದ್ದು ಅದಕ್ಕೆ ಹೇಗೆ ಗೊತ್ತಿರುತ್ತೆ? ನಮ್ಮ ಟೀಮಿನ ಹುಡುಗ ಎಚ್ಚರಿಕೆ ದಾಟಿ ಮುಂದೆ ಹೋದ. ಹೊರಗೆ ಒಂದು ಮೇಲ್ ಹೋಯ್ತು, ಟೆಸ್ಟಿಂಗ್ ಮುಗೀತು. ಟಿಕೆಟ್ ಕ್ಲೋಸ್ ಮಾಡಿದ್ದು ನಾನು.

ರಜೆಯಲ್ಲಿ ಕಾರ್ಖಾನೆ ಬಾಗಿಲು ಹಾಕಿತ್ತು. ಒಳಗೆ ಬಂದ ಮೇಲುಗಳನ್ನ ಡಬ್ಬಿಗೆ ಹಾಕಲು ಸರ್ವರ್ ತನ್ನದೇ ಹೊರವಿಳಾಸದ ಬಾಗಿಲು ಬಡೀತಿತ್ತು. ಒಳಗಿಂದ ಹೋದದ್ದನ್ನ ಒಳಕ್ಕೇ ತಿರುಗಿಸೋದು ಆ ರೂಟರಿಗೆ ಬರ್ತಿರಲಿಲ್ಲ. ಎಲ್ಲ ಕ್ಯೂನಲ್ಲೇ ಕೊಳೀತು. ಪೋಸ್ಟ್‌ಫಿಕ್ಸ್ ಮಾಮೂಲಿಯಾಗಿ 5 ದಿನ ಕಾದು ಕೈಚೆಲ್ಲುತ್ತೆ. ಅಲ್ಲೀತನಕ ಕಳಿಸಿದವರಿಗೆ ಸುದ್ದಿಯೂ ಇಲ್ಲ. ಒಂದು ಆರ್ಡರು ಹಾಗೇ ವಾಪಸ್ ಹೋಗಿ ಬೇರೆಯವರ ಪಾಲಾಯ್ತು.

ಪರಿಹಾರ? ಸರ್ವರಿನ ಮೇಲೇ ಡಿಎನ್‌ಎಸ್‌ಮಾಸ್ಕ್ ಕೂರಿಸಿ, ಆ ಹೆಸರಿಗೆ ಒಳಗಿನ ವಿಳಾಸ ಹೇಳಿಕೊಟ್ಟೆವು. (ಉಬುಂಟು ಆದ್ರೆ 53ನೇ ಪೋರ್ಟನ್ನ ಸಿಸ್ಟಮ್‌ಡಿ-ರಿಸಾಲ್ವ್ಡ್ ಮೊದಲೇ ಹಿಡಿದು ಕೂತಿರುತ್ತೆ, ಮೊದಲು ಅದನ್ನ ಎಬ್ಬಿಸಿ.) ಮಿಕ್ಕ ಪ್ರಶ್ನೆಗಳನ್ನೂ ನಾಲ್ಕು ಎಂಟುಗಳಿಗೆ ಕಳಿಸಬೇಡಿ. ಸ್ಪ್ಯಾಮ್‌ಹೌಸ್‌ನ ಉಚಿತ ಪಟ್ಟಿ ಸಾರ್ವಜನಿಕ ರಿಸಾಲ್ವರಿನಿಂದ ಬಂದ ಪ್ರಶ್ನೆಗೆ ಸರಿ ಉತ್ತರ ಕೊಡಲ್ಲ. ಜರಡಿಯೇ ತೂತು.

‘ಟೈಮ್ ಎಲ್ಲಿದೆ ಗುರು’ ಅಂತೀರಿ. ನಿಜ, ಇಲ್ಲ. ಎಷ್ಟು ಟಿಕೆಟ್ ಮುಚ್ಚಿದಿರಿ ಅಂತ ಎಣಿಸೋ ಮ್ಯಾನೇಜರಿಗೆ ಎರರ್ ಓದ್ತಾ ಕೂತವನು ಸೋಮಾರಿ ಥರ ಕಾಣ್ತಾನೆ. ಆ ವರ್ಷದ ಅಪ್ರೈಸಲ್‌ನಲ್ಲಿ ಪೀಣ್ಯದ ತಪ್ಪು ಹುಡುಗನ ಹೆಸರಿನ ಮುಂದೆ ಬಿತ್ತು. ನನ್ನ ಹೆಸರಿನ ಮುಂದೆ ಬಿದ್ದದ್ದು, ಸಮಯಕ್ಕೆ ಮುಚ್ಚಿದ ಟಿಕೆಟ್‌ಗಳ ಲೆಕ್ಕ.