ಹಾಡಿನೊಡನೆ ನೆನಪನ್ನೂ ಬರೆದಿಡಿರಿ

ತಮಗೆ ಪ್ರಿಯವಾದ ಹಾಡು ಯಾವುದೆಂದು ಸೇಡಂ ಅಥವಾ ಚಿತ್ತಾಪುರದ ಸುಶಿಕ್ಷಿತ ಗೃಹಸ್ಥರೊಬ್ಬರನ್ನು ಕೇಳಿದರೆ, ಅವರು ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನಾಗಲಿ, ಭೀಮಸೇನ ಜೋಶಿಯವರ ದಾಸರ ಪದವನ್ನಾಗಲಿ, ಒಂದು ಚಲಚ್ಚಿತ್ರಗೀತವನ್ನಾಗಲಿ ಹೆಸರಿಸುವರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ತಾವು ಹುಟ್ಟಿ ಮೊದಲು ಕೇಳಿದ ಹಾಡು ಯಾವುದು, ಅದನ್ನು ಹಾಡಿದವರು ಯಾರು ಎಂದು ಅವರನ್ನೇ ಇನ್ನೊಮ್ಮೆ ಕೇಳಿ ನೋಡಿರಿ. ಬೆಳಗಿನ ಜಾವದಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ಅಜ್ಜಿ, ಅಮಾವಾಸ್ಯೆಯ ರಾತ್ರಿ ಏಕತಾರಿ ದಮ್ಮಡಿ ಹಿಡಿದ ಭಜನೆಯ ಮೇಳ, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿದ ಓಣಿಯ ಹಿರಿಯರು, ಇವರೆಲ್ಲರೂ ಒಮ್ಮೆಲೇ ಅವರ ಕಣ್ಣೆದುರಿಗೆ ಬಂದು ನಿಲ್ಲುವರು. ಮೊದಲನೆಯ ಬಗೆಯ ಹಾಡು ಎಲ್ಲಿಯೂ ದೊರೆಯತಕ್ಕದ್ದು; ಎರಡನೆಯದು ಒಬ್ಬರ ಕಂಠದಲ್ಲಿ ಮಾತ್ರ ಉಳಿದದ್ದು. ಆ ಕಂಠವು ನಿಂತ ದಿನ ಹಾಡೂ ಹೋಯಿತು, ನೆನಪೂ ಹೋಯಿತು.

ಈ ಸೀಮೆಯಲ್ಲಿ ಹಾಡೆಂಬುದು ಕೇವಲ ವಿನೋದದ ಸಾಧನವಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ಬೆದಂಡೆ, ಚತ್ತಾಣಗಳೆಂಬ ದೇಸಿ ಕಾವ್ಯಪ್ರಕಾರಗಳನ್ನು ಹೆಸರಿಸಿದೆ. ಅದೇ ನೆಲದಲ್ಲಿ ಮುಂದೆ ನಿಜಾಮರ ಆಳಿಕೆ ನಡೆದು, 1948ರ ವರೆಗೆ ಕಚೇರಿಯ ಭಾಷೆಯೂ ಉಚ್ಚ ಶಿಕ್ಷಣದ ಭಾಷೆಯೂ ಉರ್ದುವೇ ಆಗಿದ್ದಿತು. ಆ ಕಾಲದಲ್ಲಿ ಓದುಬರಹವರಿಯದ ರೈತನಿಗೂ ಗೃಹಿಣಿಗೂ ಕನ್ನಡದ ಶಾಲೆಯಾದದ್ದು ಯಾವುದು? ಮಠದ ಕಟ್ಟೆಯ ಮೇಲಿನ ಭಜನೆಯೇ ಅಲ್ಲವೆ? ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳು ಊರಿಂದೂರಿಗೆ ನಡೆದದ್ದು ಇಂತಹ ಕಟ್ಟೆಗಳ ಮೇಲೆಯೇ. ಅವರ ಶಿಷ್ಯಮಂಡಲದಲ್ಲಿ ಖೈನೂರ ಕೃಷ್ಣಪ್ಪನೂ ಇದ್ದನು, ಚೆನ್ನೂರ ಜಲಾಲಸಾಹೇಬನೂ ಇದ್ದನು. ಇತ್ತ ದಖ್ಖನದ ಸೂಫಿಗಳು ಬೀಸುವ ಹೆಂಗಸರಿಗೆಂದು ದಖನಿಯಲ್ಲಿ ಚಕ್ಕೀನಾಮಾಗಳನ್ನು ಕಟ್ಟಿದರು. ಬೀಸುಕಲ್ಲಿಗೆ ಜಾತಿಭೇದವಾಗಲಿ ಭಾಷಾದ್ವೇಷವಾಗಲಿ ತಿಳಿಯದು.

ಈಗ ಆ ಕಲ್ಲು ಮೂಲೆಗೆ ಸೇರಿದೆ. ಹಿಟ್ಟಿನ ಗಿರಣಿ ಬಂದುದು ಹೆಂಗಸರ ರಟ್ಟೆಗಳಿಗೆ ದೊಡ್ಡ ಉಪಕಾರವಾಯಿತು. ಆ ಕಷ್ಟವು ಮರಳಿ ಬರಲೆಂದು ಬಯಸುವವನು ಮೂರ್ಖನು. ಆದರೆ ಕೆಲಸವು ತಪ್ಪಿದೊಡನೆ ಅದರ ಪದವೂ ತಪ್ಪಿತೆಂಬುದು ನಿರ್ವಿವಾದವು. ವಾಡಿ ಶಹಾಬಾದಗಳ ಸಿಮೆಂಟು ಮತ್ತು ಕಲ್ಲಿನ ಗಣಿಗಳ ದುಡಿಮೆಗೆ ನಾನಾ ಸೀಮೆಯ ಜನರು ಬಂದು ನೆಲೆಸಿದರು. ಪಾಳಿಯ ಕೆಲಸಕ್ಕೆ ಅಮಾವಾಸ್ಯೆಯ ಲೆಕ್ಕ ಉಂಟೆ? ಚಿಂಚೋಳಿಯ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಪದಗಳು ಇನ್ನೂ ಕೇಳಿಬರುತ್ತವೆ. ದುಡಿಮೆಗಾಗಿ ಪುಣೆ ಮುಂಬಯಿಗಳಿಗೆ ಹೋದ ಮಕ್ಕಳಿಗೆ ಅವು ಎಷ್ಟು ಬರುವವೆಂಬುದನ್ನು ಆಯಾ ತಾಯಂದಿರೇ ಹೇಳಬೇಕು.

ಪದಗಳು ಅಚ್ಚಾಗಿವೆಯಲ್ಲ, 1966ರಿಂದ ಕಲಬುರಗಿಯಲ್ಲಿ ಆಕಾಶವಾಣಿಯಿದೆ, ಕೈಯೊಳಗೆ ಮೊಬೈಲಿದೆ, ಇನ್ನೇನು ಚಿಂತೆ ಎಂದು ಕೆಲವರು ಕೇಳಬಹುದು. ತತ್ತ್ವಪದಗಳ ಸಂಪುಟಗಳನ್ನು ಹೊರತಂದ ವಿದ್ವಾಂಸರಿಗೆ ನಾಡು ಋಣಿಯಾಗಿದೆ. ಆದರೆ ಅಚ್ಚಿನ ಪುಟದಲ್ಲಿ ಧಾಟಿಯಿಲ್ಲ. ಮೊಬೈಲಿನಲ್ಲಿ ಹಿಡಿದ ತುಣುಕಿನಲ್ಲಿ ಧಾಟಿಯಿದ್ದರೂ ಹಾಡಿದವರ ಹೆಸರಿಲ್ಲ, ಊರಿಲ್ಲ. ಅನೇಕ ವೇಳೆ ಕೊನೆಯ ನುಡಿಯನ್ನೇ ಬಿಟ್ಟು ಹಾಡುವುದರಿಂದ ಅಂಕಿತವೂ ಹೋಗಿ, ಕರ್ತೃವು ಯಾರೆಂಬುದೇ ತಿಳಿಯದಂತಾಗುತ್ತದೆ. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಹಾಡಿದ ಪದವನ್ನು ಆ ಸಂದರ್ಭದಿಂದ ಬಿಡಿಸಿಟ್ಟರೆ, ಅದು ಹೆಸರು ಬರೆಯದ ಭಾವಚಿತ್ರದಂತೆ. ಎರಡು ತಲೆಮಾರು ಕಳೆದ ಮೇಲೆ ಯಾರಿಗೂ ಗುರುತು ಹತ್ತುವುದಿಲ್ಲ.

ಆದುದರಿಂದ ನಮ್ಮ ಶಿಕ್ಷಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ದಸರೆಯ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಅಥವಾ ನೆರೆಯ ಹಿರಿಯರೊಬ್ಬರಿಂದ ಒಂದೇ ಒಂದು ಪದವನ್ನು ಬರೆದುಕೊಂಡು ಬರಲಿ. ಪದದ ಕೆಳಗೆ ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ಸಮಯದಲ್ಲಿ ಹಾಡುತ್ತಿದ್ದರು, ಅದನ್ನು ಹಾಡಿದಾಗ ಅವರಿಗೆ ನೆನಪಾಗುವುದೇನು ಎಂಬ ಐದು ಸಂಗತಿಗಳಿರಲಿ. ಕನ್ನಡವಾದರೆ ಕನ್ನಡ, ಉರ್ದು, ತೆಲುಗು, ಲಂಬಾಣಿಯಾದರೆ ಅದೂ ಕನ್ನಡ ಲಿಪಿಯಲ್ಲಿ ಬರಲಿ. ಹಿರಿಯರ ಒಪ್ಪಿಗೆ ಪಡೆದು ಧಾಟಿಯನ್ನು ಮೊಬೈಲಿನಲ್ಲಿ ಹಿಡಿದಿಡಲಿ. ಶಾಲೆಯ ಕಪಾಟಿನಲ್ಲಿ ಇದಕ್ಕಾಗಿಯೇ ಒಂದು ವಹಿ ಇದ್ದರೆ ಸಾಕು. ಸರಕಾರದ ಅನುದಾನವಾಗಲಿ ಸಭೆಯ ಠರಾವಾಗಲಿ ಇದಕ್ಕೆ ಬೇಕಿಲ್ಲ.

ನಾಡು ಒಂದಾದುದು 1956ರಲ್ಲಿ. ಆದರೂ ಕಲ್ಯಾಣದ ಸೀಮೆಯ ಹಾಡು ಮೈಸೂರಿಗೂ ಮಂಗಳೂರಿಗೂ ಇಂದಿಗೂ ಅಪರಿಚಿತವಾಗಿಯೇ ಉಳಿದಿದೆ. ಅವರಿಗೆ ನಾವು ಅದನ್ನು ಕೇಳಿಸಬೇಕಾದರೆ ಮೊದಲು ನಮ್ಮ ಮನೆಯ ಅಜ್ಜಿಯನ್ನು ನಾವು ಕೇಳಬೇಡವೆ? ಆಕೆ ಇನ್ನೂ ಹಾಡಬಲ್ಲಳು. ಈ ರಜೆಯಲ್ಲಿಯೇ ಕೇಳಿರಿ.