ಹಳೆಯ ಮನೆಗಳ ಗೇಟು ನೋಡುಗರಿಗೆ ತೆರೆಯಬೇಕೆ?

ಬಸವನಗುಡಿ, ಮಲ್ಲೇಶ್ವರ, ರಿಚ್ಮಂಡ್ ಟೌನ್‌ನಂಥ ಬಡಾವಣೆಗಳ ಹಳೆಯ ಮನೆಗಳನ್ನು ನೋಡಲು ರಜಾದಿನದ ಬೆಳಗ್ಗೆ ಜನ ಗುಂಪಾಗಿ ಬರುವುದು ಬೆಂಗಳೂರಿನಲ್ಲಿ ಈಗ ರೂಢಿಯಾಗಿದೆ. ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ‘ಪರಿಚಯ’ ಹೆಸರಿನಲ್ಲಿ ಪಾರಂಪರಿಕ ನಡಿಗೆಗಳನ್ನು ನಡೆಸುತ್ತ ಬಂದಿದೆ. ಇಂಥ ಕೆಲಸ ಮಾಡುವ ಬೇರೆ ತಂಡಗಳೂ ಇವೆ. ಈ ನಡಿಗೆಗಳಿಂದ ಮನೆಗಳು ಉಳಿಯುತ್ತವೆಯೇ, ಇಲ್ಲಾ ಅಲ್ಲಿ ಬಾಳುವವರ ನೆಮ್ಮದಿಯಷ್ಟೇ ಕೆಡುತ್ತದೆಯೇ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಎರಡರಲ್ಲೂ ತೂಕವಿದೆ.

ಪರವಾಗಿರುವವರ ಮಾತು ಇದು: ಕಣ್ಣಿಗೇ ಬೀಳದ್ದನ್ನು ಉಳಿಸಿಕೊಳ್ಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ದಂಡು ಪ್ರದೇಶದ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಚೂಪಾಗಿ ಚಾಚಿದ ಮರದ ‘ಮಂಕಿ ಟಾಪ್’ ಬರಿಯ ಸೊಗಸಿಗಲ್ಲ, ಬಿಸಿಲು ಮಳೆಗಳನ್ನು ತಡೆಯುವುದಕ್ಕೆ. ಎತ್ತರದ ಚಾವಣಿಯ ಹತ್ತಿರ ಇಟ್ಟ ಸಣ್ಣ ಗವಾಕ್ಷಿಗಳು ಬಿಸಿಗಾಳಿಯನ್ನು ಹೊರಗೆ ಬಿಡುತ್ತವೆ. 1898ರಲ್ಲಿ ಪ್ಲೇಗ್ ಬಂದ ಮೇಲೆ ಕಿಕ್ಕಿರಿದ ಪೇಟೆಯನ್ನು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಅಲ್ಲಿನ ಮನೆಗಳ ಸುತ್ತ ಬಿಟ್ಟ ಜಾಗದ ಹಿಂದೆ ಗಾಳಿ ಬೆಳಕು ಬೇಕೆಂಬ ಆ ಕಾಲದ ಎಚ್ಚರವಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಕರಾವಳಿಯ ಮಣ್ಣು ದೂರದೂರದ ಊರುಗಳ ಮಾಡು ಏರಿತು. ಪುಸ್ತಕದಲ್ಲಿ ಓದಿದರೆ ಮರೆತುಹೋಗುವ ಇಂಥ ಸಂಗತಿಗಳು ಜಗಲಿಯಲ್ಲಿ ನಿಂತು ತಲೆಯೆತ್ತಿ ನೋಡಿದಾಗ ಮನಸ್ಸಿನಲ್ಲಿ ಉಳಿಯುತ್ತವೆ.

ಜನರ ಅಕ್ಕರೆಗೆ ಬಲವೂ ಇದೆ. ಮೈಸೂರಿನ ಯಾದವಗಿರಿಯಲ್ಲಿ ಲೇಖಕ ಆರ್.ಕೆ. ನಾರಾಯಣ್ ಅವರ ಮನೆಯನ್ನು ಕೆಡವುವ ಕೆಲಸ 2011ರಲ್ಲಿ ಶುರುವಾಗಿತ್ತು. ವಿರೋಧ ಎದ್ದಿದ್ದರಿಂದ ಅದು ನಿಂತಿತು. ದುರಸ್ತಿಯಾದ ಮನೆ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಇನ್ನೊಂದು ಕಡೆಯವರು ಇದೇ ಉದಾಹರಣೆಯನ್ನು ತಿರುಗಿಸಿ ಕೇಳುತ್ತಾರೆ: ಆ ಮನೆಯನ್ನು ಉಳಿಸಿದ್ದು ಅದರ ಕಟ್ಟಡವೋ, ಒಡೆಯನ ಹೆಸರೋ? ನಿವೃತ್ತ ಮೇಷ್ಟರೊಬ್ಬರು ಕಟ್ಟಿಸಿದ ತೊಟ್ಟಿ ಮನೆಗೆ ಯಾರು ದನಿಯೆತ್ತುತ್ತಾರೆ? ಮನೆಯೆಂದರೆ ಅಲ್ಲಿ ಊಟ, ನಿದ್ದೆ, ಕಾಯಿಲೆ, ಪೂಜೆ ಎಲ್ಲವೂ ನಡೆಯುವ ಜಾಗ. ವಯಸ್ಸಾದ ಇಬ್ಬರೇ ಇರುವ ಮನೆಯ ಒಳಕೋಣೆಗಳ ಫೋಟೋ ಊರಿಗೆಲ್ಲ ಹಂಚಿಕೆಯಾಗುವುದು ಅವರಿಗೆ ಮುಜುಗರ ಮಾತ್ರವಲ್ಲ, ಭಯವೂ ಹೌದು. ಹಣದ ಪ್ರಶ್ನೆ ಇನ್ನೂ ಕಠಿಣ. ನೋಡಲು ಬಂದವರು ಮೆಚ್ಚಿ ಹೊರಟುಹೋಗುತ್ತಾರೆ. ಸೋರುವ ಹೆಂಚನ್ನು ಬದಲಿಸುವವರು, ಗೆದ್ದಲು ಹಿಡಿದ ತೊಲೆಗೆ ಖರ್ಚು ಮಾಡುವವರು, ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯನ್ನು ಹುಡುಕುವವರು ಮನೆಯವರೇ. ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಆಸ್ತಿ ಪಾಲಾಗಬೇಕಾದಾಗ ಬಿಲ್ಡರ್ ಹೇಳುವ ಬೆಲೆಯ ಎದುರು ನೋಡುಗರ ಮೆಚ್ಚುಗೆ ನಿಲ್ಲುವುದಿಲ್ಲ. ಹಾಗೆ ಮಾರಿದವರನ್ನು ಸಂಸ್ಕೃತಿಗೆಟ್ಟವರೆಂದು ದೂರುವುದು ನ್ಯಾಯವಲ್ಲ.

ಅಹಮದಾಬಾದ್‌ನ ಅನುಭವ ಎರಡು ವಾದಗಳಿಗೂ ಸಾಕ್ಷಿ ನುಡಿಯುತ್ತದೆ. ಅಲ್ಲಿನ ಮಹಾನಗರಪಾಲಿಕೆ 1997ರಲ್ಲೇ ಹಳೆಯ ಪೋಳ್‌ಗಳ, ಅಂದರೆ ಒತ್ತಾಗಿ ಮನೆಗಳಿರುವ ಕೇರಿಗಳ, ನಡುವೆ ಪಾರಂಪರಿಕ ನಡಿಗೆ ಆರಂಭಿಸಿತು. ಕೆತ್ತನೆಯ ಮರದ ಮನೆಗಳು, ಅಂಗಳದಡಿಯ ಮಳೆನೀರಿನ ತೊಟ್ಟಿಗಳು, ಹಕ್ಕಿಗಳಿಗೆ ಕಾಳು ಹಾಕುವ ಕಂಬಗಳು ದೇಶವಿದೇಶದವರಿಗೆ ಪರಿಚಯವಾದವು. 2017ರಲ್ಲಿ ಅಹಮದಾಬಾದ್ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಭಾರತದ ಮೊದಲ ನಗರವಾಯಿತು. ಹಾಗಿದ್ದೂ ಎಷ್ಟೋ ಕುಟುಂಬಗಳು ಸಬರಮತಿಯ ಆಚೆಯ ಬಡಾವಣೆಗಳಿಗೆ ಹೋದವು, ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಅದಕ್ಕೇ ಹಳೆಯ ಮನೆ ಉಳಿಸಿಕೊಂಡವರಿಗೆ ಮಾರಬಹುದಾದ ಅಭಿವೃದ್ಧಿ ಹಕ್ಕು, ಅಂದರೆ ಟಿಡಿಆರ್, ಕೊಡುವ ವ್ಯವಸ್ಥೆಯೂ ಅಲ್ಲಿ ಬೇಕಾಯಿತು. ಹೆಸರು ತಂದುಕೊಡಲು ನಡಿಗೆ ಸಾಕು, ಮನೆ ಉಳಿಸಲು ಸಾಲದು.

ಎರಡೂ ಕಡೆಯ ಮಾತು ಕೇಳಿದ ಮೇಲೆ ನನಗೆ ತೋರುವುದು ಇಷ್ಟು. ಗೇಟು ತೆರೆಯಬೇಕು, ಆದರೆ ತೆರೆಯುವ ಕೈ ಮನೆಯವರದಾಗಿರಬೇಕು. ಲಂಡನ್ನಿನಲ್ಲಿ 1992ರಿಂದ ನಡೆಯುತ್ತಿರುವ ‘ಓಪನ್ ಹೌಸ್’ ಒಳ್ಳೆಯ ಮಾದರಿ: ಒಪ್ಪಿದವರು ವರ್ಷದಲ್ಲಿ ಗೊತ್ತಾದ ಕೆಲವೇ ದಿನ ಬಾಗಿಲು ತೆರೆಯುತ್ತಾರೆ. ನಮ್ಮಲ್ಲೂ ಗುಂಪು ಚಿಕ್ಕದಿರಲಿ, ಒಳಗಿನ ಫೋಟೋಗೆ ಅಪ್ಪಣೆ ಕೇಳುವುದು ನಿಯಮವಾಗಲಿ, ಶುಲ್ಕದ ಒಂದು ಪಾಲು ಆ ಮನೆಯ ದುರಸ್ತಿಗೇ ಹೋಗಲಿ. ಒಳಗಿನ ವೈಭವ ನೋಡಲೇಬೇಕೆನ್ನುವವರಿಗೆ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿರುವ, ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಇದೆ.

ಮಿಕ್ಕದ್ದು ಸರ್ಕಾರದ ಹೊಣೆ. ಮನೆ ಉಳಿಸಿಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ದುರಸ್ತಿಗೆ ನೆರವು ಸಿಗದಿದ್ದರೆ ಇಂದು ನಾವು ಮೆಚ್ಚುವ ಮನೆಯ ಜಾಗದಲ್ಲಿ ನಾಳೆ ಅಪಾರ್ಟ್‌ಮೆಂಟ್ ಇರುತ್ತದೆ. ನಡಿಗೆಗೆ ಹೋಗುವವರು ಮನೆ ನೋಡಿ ಬಂದು ಸುಮ್ಮನಾಗದೆ ಈ ಬೇಡಿಕೆಯನ್ನು ತಮ್ಮ ಶಾಸಕರ, ಪಾಲಿಕೆಯ ಮುಂದಿಡಬೇಕು. ಮನೆಯವರ ಆತಿಥ್ಯದ ಋಣ ತೀರುವುದು ಹಾಗೆಯೇ.